ಡಿಶ್‌ವಾಷರ್ ನೀರು ಹೊರಗೆ ಹಾಕುತ್ತಿಲ್ಲ, ಮಷೀನಿನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ ಅಂತಾರೆ. ನಾವೇ ಪಾರ್ಟ್ ತಂದು ಹಾಕಬಹುದಾ?

ಬನಶಂಕರಿ ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಡಿಶ್‌ವಾಷರ್‌ಗೆ ಈಗ ಆರು ವರ್ಷ. 13 ಸೆಟ್ಟಿಂಗ್‌ನದ್ದು, ಅಂದರೆ 13 ಜನರ ಊಟದ ಪಾತ್ರೆ ಹಿಡಿಯುವುದು. ಐದು ಜನರ ಮನೆ, ದಿನಾ ರಾತ್ರಿ ಒಂದು ಸಲ ಓಡುತ್ತದೆ. ಇಲ್ಲಿಯವರೆಗೆ ಒಮ್ಮೆಯೂ ಕೈ ಕೊಟ್ಟಿರಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿದೆ. ಮೇಲೆ ಸಾರಿನ ಎಣ್ಣೆ ತೇಲುತ್ತಿದೆ. ಪಾತ್ರೆ ಅರ್ಧಂಬರ್ಧ ತೊಳೆದಿದೆ. ನೀರು ಹೋಗಿಲ್ಲ ಅನ್ನುವ ದೀಪ ಮಿನುಗುತ್ತಿದೆ. ಆಫ್ ಮಾಡಿ ಆನ್ ಮಾಡಿದರೂ ಅದೇ ಕಥೆ.

ಸರ್ವೀಸ್‌ನವರು ಬಂದು ಹತ್ತು ನಿಮಿಷ ನೋಡಿದರು. ಬಟನ್ ಒತ್ತಿ ಕಿವಿಗೊಟ್ಟರು. "ಬೋರ್ಡ್ ಹೋಗಿದೆ ಮೇಡಂ, ಪಂಪ್ ಕೂಡ ಹೋಗಿದೆ. ಎರಡೂ ಸೇರಿ 16,000 ಆಗುತ್ತೆ. ಆರು ವರ್ಷದ ಮಷೀನಿಗೆ ಅಷ್ಟು ಹಾಕೋ ಬದಲು ಹೊಸದು ತಗೊಳ್ಳಿ" ಅಂದರು. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಬಂದದ್ದಕ್ಕೆ ದುಡ್ಡು ಮಾತ್ರ ತಗೊಂಡು ಹೋದರು.

ನಮ್ಮ ಅತ್ತೆಗೆ ಮಣಿಕಟ್ಟು ನೋವು. ಪಾತ್ರೆ ಉಜ್ಜಲು ಆಗುವುದಿಲ್ಲ ಅಂತಲೇ ಇದನ್ನು ತಂದಿದ್ದು. ಈಗ ನಾವು ಆಫೀಸಿಗೆ ಹೋದ ಮೇಲೆ ಅವರೇ ಸಿಂಕಿನ ಮುಂದೆ ನಿಲ್ಲುತ್ತಾರೆ, ಬೇಡ ಅಂದರೂ ಕೇಳಲ್ಲ. ಬೇಗ ಏನಾದರೂ ಮಾಡಬೇಕು. ಪಾರ್ಟ್ ತಂದು ನಾವೇ ಹಾಕಿದ ಅನುಭವ ಯಾರಿಗಾದರೂ ಇದೆಯಾ?

ಹುಬ್ಬಳ್ಳಿ ವೈಂಡಿಂಗ್:

ತಂಗಿ, ಹೆದರಬೇಡಿ. ನಾನು ನಲವತ್ತು ವರ್ಷ ಮೋಟರ್ ವೈಂಡಿಂಗ್ ಮಾಡಿದವನು. ಈಗ ಅಂಗಡಿ ಮಗ ನೋಡ್ತಾನೆ.

ಮೊದಲು ಒಂದು ಮಾತು ಹೇಳಿ. ನೀರು ಹೊರಗೆ ಹಾಕುವ ಹೊತ್ತಿಗೆ ಕೆಳಗಿಂದ ಸದ್ದು ಬರುತ್ತದೋ ಇಲ್ಲವೋ? ಬಂದರೆ ಎಂಥಾ ಸದ್ದು? ಪೂರ್ತಿ ಸುಮ್ನಿದೆಯಾ, ಗುಂಯ್ ಅಂತದಾ, ಕಟಕಟ ಅಂತದಾ? ಇದಕ್ಕೆ ಉತ್ತರ ಸಿಗೋವರೆಗೂ ಯಾವ ಪಾರ್ಟನ್ನೂ ಆರ್ಡರ್ ಮಾಡಬೇಡಿ.

ಬನಶಂಕರಿ ಮನೆ:

ಸರ್, ಈಗಷ್ಟೇ ಹಾಕಿ ಕೇಳಿದೆ. ಗುಂಯ್ ಅನ್ನುತ್ತದೆ. ಹತ್ತು ಸೆಕೆಂಡ್ ಗುಂಯ್, ಆಮೇಲೆ ನಿಲ್ಲುತ್ತದೆ, ಮತ್ತೆ ಗುಂಯ್. ನೀರು ಒಂದು ಹನಿ ಕೂಡ ಕದಲುವುದಿಲ್ಲ.

ಹುಬ್ಬಳ್ಳಿ ವೈಂಡಿಂಗ್:

ನೋಡ್ರಿ, ಇಲ್ಲೇ ಅರ್ಧ ಉತ್ತರ ಸಿಕ್ಕಿತು.

ಗುಂಯ್ ಅಂತ ಸದ್ದು ಬಂತು ಅಂದರೆ ಪಂಪಿಗೆ ಕರೆಂಟ್ ಮುಟ್ಟುತ್ತಿದೆ. ಆ ಕರೆಂಟ್ ಕಳಿಸುವುದು ಬೋರ್ಡು. ಬೋರ್ಡ್ ಸತ್ತಿದ್ದರೆ ಪಂಪ್ ಸುಮ್ನಿರುತ್ತಿತ್ತು. ನೂರಕ್ಕೆ ನೂರು ಅಂತ ಹೇಳಲ್ಲ. ಬೋರ್ಡಿನಲ್ಲಿ ಪಂಪನ್ನು ಆನ್ ಮಾಡುವ ಟ್ರಯಾಕ್ ಅಂತ ಒಂದು ಸಣ್ಣ ಪಾರ್ಟ್ ಇರುತ್ತದೆ. ಅದು ಅರ್ಧ ಕೆಟ್ಟರೂ ಪಂಪ್ ತಿರುಗದೆ ಗುಂಯ್ ಅನ್ನಬಹುದು. ಆದರೆ ಅದು ಕಡಿಮೆ. ಪಂಪಿನ ರೆಕ್ಕೆಗೆ ಏನೋ ಸಿಕ್ಕಿಕೊಂಡಿರುವುದು, ಇಲ್ಲಾ ಪಂಪ್ ಸವೆದಿರುವುದು ಜಾಸ್ತಿ.

ಈಗ ಹೀಗೆ ಮಾಡಿ. ಪ್ಲಗ್ ಕಿತ್ತು ಹೊರಗೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಣ್ಣಿಗೆ ಕಾಣುವಂತೆ ನೆಲದ ಮೇಲೆ ಬಿದ್ದಿರಬೇಕು. ನಲ್ಲಿ ಮುಚ್ಚಿ. ಲೋಟದಿಂದ ನೀರು ಎತ್ತಿ ಹಾಕಿ, ಉಳಿದದ್ದನ್ನು ಸ್ಪಂಜಿಗೆ ಹೀರಿಸಿ. ತಳದ ಜಾಲರಿ ತಿರುಗಿಸಿ ತೆಗೆಯಿರಿ. ಅದರ ಕೆಳಗಿನ ಗುಂಡಿಯಲ್ಲಿ ಬಲಗಡೆ ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಚಮಚದ ಹಿಡಿ ತೂರಿಸಿ ಎತ್ತಿದರೆ ಬರುತ್ತದೆ. ಒಳಗೆ ಪಂಪಿನ ರೆಕ್ಕೆ ಕಾಣುತ್ತದೆ. ಬೆರಳು ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ, ಗಾಜಿನ ಚೂರು ಇರಬಹುದು. ಕೈಗವಸು ಹಾಕಿಕೊಳ್ಳಿ.

ಕುವೆಂಪುನಗರ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪಂಪ್ ತನಕ ಹೋಗುವ ಮೊದಲು ಹೊರಗೆ ಹೋಗುವ ಪೈಪನ್ನೂ ನೋಡಿಬಿಡಿ. ನಮ್ಮ ಮನೆಯಲ್ಲಿ ಸಿಂಕಿನ ಕೆಳಗೆ ಆ ಪೈಪ್ ಸೇರುವ ಜಾಗದಲ್ಲಿ ತುಪ್ಪ ಹೆಪ್ಪುಗಟ್ಟಿ ಮೇಣದ ಹಾಗೆ ಕೂತಿತ್ತು. ಪೈಪಿನ ತುದಿ ಬಿಚ್ಚಿ ಬಕೆಟ್‌ಗೆ ಬಿಟ್ಟೆವು, ನೀರು ಸರಾಗವಾಗಿ ಬಂತು. ತಪ್ಪು ಮಷೀನಿನದ್ದಲ್ಲ, ಸಿಂಕಿನದ್ದು ಅಂತ ಐದು ನಿಮಿಷದಲ್ಲಿ ಗೊತ್ತಾಯಿತು.

ಬನಶಂಕರಿ ಮನೆ:

ರಾತ್ರಿ ಕೂತು ಎರಡೂ ಮಾಡಿದೆ. ಪೈಪಿನ ತುದಿಯನ್ನು ಬಕೆಟ್‌ಗೆ ಬಿಟ್ಟರೂ ನೀರು ಬರಲಿಲ್ಲ. ಹಾಗಾಗಿ ಸಿಂಕ್ ಸರಿಯಿದೆ.

ಆಮೇಲೆ ಮುಚ್ಚಳ ತೆಗೆದೆ. ರೆಕ್ಕೆಗೆ ಒಂದು ಬಿಳಿ ಪೇಪರ್ ಸುತ್ತಿಕೊಂಡಿತ್ತು. ಎಳೆದು ನೋಡಿದರೆ ಹೊಸ ಸ್ಟೀಲ್ ಪಾತ್ರೆಗೆ ಅಂಟಿಸಿರುತ್ತಾರಲ್ಲ, ಆ ಸ್ಟಿಕ್ಕರ್! ಹೋದ ತಿಂಗಳು ಗೃಹಪ್ರವೇಶಕ್ಕೆ ಬಂದಿದ್ದ ಡಬ್ಬ ಅದು. ಜೊತೆಗೆ ಕರಿಬೇವಿನ ಕಡ್ಡಿ ಎರಡು, ತೆಂಗಿನ ನಾರು, ಅಕ್ಕಿ ಕಾಳಿನಷ್ಟು ದೊಡ್ಡ ಗಾಜಿನ ಚೂರು. ಎಲ್ಲಾ ತೆಗೆದೆ.

ಖುಷಿಯಿಂದ ಜೋಡಿಸಿ ಹಾಕಿದರೆ ಮತ್ತೆ ಗುಂಯ್. ನೀರು ಸ್ವಲ್ಪ ಸ್ವಲ್ಪ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೆರಳಿನಿಂದ ತಿರುಗಿಸಿದರೆ ರೆಕ್ಕೆ ತಡೆದು ತಡೆದು ತಿರುಗುತ್ತದೆ. ಒಳಗೆ ಇನ್ನೂ ಏನಾದರೂ ಸಿಕ್ಕಿರಬಹುದಾ?

ಹುಬ್ಬಳ್ಳಿ ವೈಂಡಿಂಗ್:

ತಡೆದು ತಡೆದು ತಿರುಗುವುದು ಸರಿಯಾಗಿಯೇ ಇದೆ. ಅದರ ಒಳಗೆ ಇರುವುದು ಅಯಸ್ಕಾಂತ. ಬೆರಳಿಗೆ ಒಂದು ಎಳೆತ, ಒಂದು ಬಿಡುವು ಸಿಗಬೇಕು. ಫ್ಯಾನಿನ ಹಾಗೆ ನುಣ್ಣಗೆ ತಿರುಗಿದರೆ ರೆಕ್ಕೆಗೂ ಅಯಸ್ಕಾಂತಕ್ಕೂ ನಂಟು ಕಡಿದಿದೆ ಅಂತ ಅರ್ಥ.

ಇನ್ನೊಂದು, ರೆಕ್ಕೆ ಸ್ವಲ್ಪ ದೂರ ಬರೀ ಸಡಿಲವಾಗಿ ತಿರುಗಿ ಆಮೇಲೆ ಹಿಡಿಯುತ್ತದೆ. ಅದೂ ತಪ್ಪಲ್ಲ. ಈ ಪಂಪುಗಳು ಯಾವ ಕಡೆಗೆ ಬೇಕಾದರೂ ತಿರುಗಲು ಶುರುಮಾಡುತ್ತವೆ. ನೀರಿನ ಭಾರ ಇಲ್ಲದೆ ಮೊದಲ ಹೆಜ್ಜೆ ಇಡಲಿ ಅಂತಲೇ ಆ ಸಡಿಲ ಇಟ್ಟಿರುತ್ತಾರೆ.

ನೀವು ನೋಡಬೇಕಾದ್ದು ಅಡ್ಡಡ್ಡ ಅಲುಗಾಟ. ರೆಕ್ಕೆಯನ್ನು ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ. ರೆಕ್ಕೆ ಗೋಡೆಗೆ ತಾಗುವಷ್ಟು ಅಲುಗಿದರೆ ಒಳಗಿನ ಬುಷ್, ಅಂದರೆ ನಡುವಿನ ಕಡ್ಡಿ ಕೂತು ತಿರುಗುವ ಬಳೆ, ಸವೆದಿದೆ.

ಬನಶಂಕರಿ ಮನೆ:

ಸರ್, ಗೋಡೆಗೆ ತಾಗುತ್ತದೆ. ಒಂದು ಕಡೆ ಪ್ಲಾಸ್ಟಿಕ್ ಉಜ್ಜಿ ಬೆಳ್ಳಗೆ ಗೀರಾಗಿದೆ.

ಹುಬ್ಬಳ್ಳಿ ವೈಂಡಿಂಗ್:

ಹಾಗಾದರೆ ಪಂಪ್ ಬದಲಿಸಿ. ಬೋರ್ಡ್ ಮುಟ್ಟಬೇಡಿ.

ಖಾತ್ರಿಗೆ ಮಲ್ಟಿಮೀಟರ್ ಇದ್ದರೆ ಪಂಪಿನ ಎರಡು ಪಿನ್ ನಡುವೆ ಓಮ್ (ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವ ಅಳತೆ) ನೋಡಿ, ವೈರ್ ಬಿಚ್ಚಿದ ಮೇಲೆ. 30 ವಾಟಿನ ಈ ಪಂಪುಗಳಲ್ಲಿ ಸಾಮಾನ್ಯವಾಗಿ 100ರಿಂದ 200ರ ನಡುವೆ ಬರುತ್ತದೆ. ಬಂದರೆ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಚೆನ್ನಾಗಿದೆ, ಬುಷ್ ಮಾತ್ರ ಹೋಗಿದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ವಿದ್ಯಾರಣ್ಯಪುರ:

ಎಲ್ಲರ ಉತ್ಸಾಹ ನೋಡಿ ಸಂತೋಷ. ಆದರೂ ಹೇಳಲೇಬೇಕು. ನೀರು ಮತ್ತು 230 ವೋಲ್ಟ್ ಒಟ್ಟಿಗೆ ಇರುವ ಪೆಟ್ಟಿಗೆ ಇದು. ಮನೆಯವರೇ ಬಿಚ್ಚಿ ಅಂತ ಸಾರಾಸಗಟಾಗಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ವಾರಂಟಿ ಇದ್ದರೆ ಅದೂ ಹೋಗುತ್ತದೆ.

ಹುಬ್ಬಳ್ಳಿ ವೈಂಡಿಂಗ್:

ನಿಮ್ಮ ಮಾತು ಖರೇ. ವಾರಂಟಿ ಇದ್ದಾಗ ಮುಟ್ಟಲೇಬಾರದು. ಇಲ್ಲದಿದ್ದಾಗಲೂ ಒಂದು ಗೆರೆ ಹಾಕಿಕೊಳ್ಳಬೇಕು. ನನ್ನ ಗೆರೆ ಇದು: ಪ್ಲಗ್ ಕಿತ್ತು ಮಾಡಬಹುದಾದ ಕೆಲಸ ಮಾತ್ರ ಮನೆಯಲ್ಲಿ. ಓಮ್ ನೋಡಬಹುದು, ವೋಲ್ಟ್ ನೋಡುವುದು ಬೇಡ. ಮಷೀನ್ ಚಾಲೂ ಇಟ್ಟು ಒಳಗೆ ಮೀಟರ್ ಹಿಡಿಯುವುದು ಗೊತ್ತಿದ್ದವರ ಕೆಲಸ.

ಬೋರ್ಡ್ ಹೊರಗೆ ತೆಗೆಯುವುದೂ ಬೇಡ. ಈಗಿನ ಇನ್ವರ್ಟರ್ ಮೋಟರ್ ಇರುವ ಮಷೀನಿನಲ್ಲಿ 230 ವೋಲ್ಟ್ ಒಳಗೆ ಹೋಗಿ 325 ವೋಲ್ಟ್ ಡಿಸಿ ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ನನ್ನ ಅಂಗಡಿಯಲ್ಲಿ ಕೆಲಸ ಕಲಿತ ಹುಡುಗ ಒಬ್ಬ ಹಾಗೆ ಏಟು ತಿಂದು ಅಂಗೈ ಸುಟ್ಟುಕೊಂಡ. ಆ ದಿನದಿಂದ ನಾನು ಇದನ್ನು ಎಲ್ಲರಿಗೂ ಹೇಳುತ್ತೇನೆ.

ವಿದ್ಯಾರಣ್ಯಪುರ:

ಈ ಗೆರೆ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಜೊತೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಇಲ್ಲದ ಮನೆಯಲ್ಲಿ ಡಿಶ್‌ವಾಷರ್ ಓಡಿಸಬೇಡಿ. 16 ಆಂಪ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕೇ ಬೇಕು.

ಕದ್ರಿ ಟೆರೇಸ್:

ನನ್ನ ಕಥೆ ಇದಕ್ಕೆ ಉಲ್ಟಾ. ನಮ್ಮಲ್ಲಿ ನೀರು ಒಳಗೇ ಬರುವುದಿಲ್ಲ. ಮಂಗಳೂರು, ನಾಲ್ಕನೇ ಮಹಡಿ, ಅದೇ ಕೊನೆಯ ಮಹಡಿ. ನೀರು ಬಿಡುವ ವಾಲ್ವ್ ಹೋಗಿರಬೇಕು ಅಂತ 1,800 ಕೊಟ್ಟು ತರಿಸಿ ಹಾಕಿದೆ. ಎರಡು ದಿನ ಓಡಿತು, ಮತ್ತೆ ನೀರು ಬರುತ್ತಿಲ್ಲ ಅನ್ನುವ ಅದೇ ನಲ್ಲಿ ಚಿಹ್ನೆ. ಹೊಸ ವಾಲ್ವ್ ಕೂಡ ಕೆಟ್ಟಿತಾ?

ಹುಬ್ಬಳ್ಳಿ ವೈಂಡಿಂಗ್:

ಕೊನೆಯ ಮಹಡಿ ಅಂದಿರಲ್ಲ, ಟ್ಯಾಂಕ್ ನಿಮ್ಮ ನಲ್ಲಿಗಿಂತ ಎಷ್ಟು ಮೇಲಿದೆ?

ಕದ್ರಿ ಟೆರೇಸ್:

ಎರಡು ಎರಡೂವರೆ ಮೀಟರ್ ಇರಬಹುದು.

ಹುಬ್ಬಳ್ಳಿ ವೈಂಡಿಂಗ್:

ಹಾಗಾದರೆ ವಾಲ್ವಿನ ತಪ್ಪಲ್ಲ. ನೀರು ಹತ್ತು ಮೀಟರ್ ಮೇಲಿದ್ದರೆ ಸುಮಾರು ಒಂದು ಬಾರ್ ಒತ್ತಡ. ಎರಡೂವರೆ ಮೀಟರಿಗೆ ಕಾಲು ಬಾರ್. ಬಹಳಷ್ಟು ಡಿಶ್‌ವಾಷರ್ ಪುಸ್ತಕದಲ್ಲಿ ಕಡಿಮೆ ಅಂದರೂ ಅರ್ಧ ಬಾರ್ ಬೇಕು ಅಂತ ಬರೆದಿರುತ್ತದೆ. ಅಂದರೆ ಟ್ಯಾಂಕ್ ಐದು ಮೀಟರ್ ಮೇಲಿರಬೇಕು. ಕೆಳಗಿನ ಮಹಡಿಯವರಿಗೆ ಈ ತೊಂದರೆ ಇರುವುದಿಲ್ಲ.

ಮಷೀನಿನ ಪೈಪ್ ಬಿಚ್ಚಿ, ಅದೇ ನಲ್ಲಿಯನ್ನು ಬಕೆಟ್‌ಗೆ ಬಿಡಿ. ಒಂದು ನಿಮಿಷಕ್ಕೆ ಹತ್ತು ಲೀಟರ್ ತುಂಬಬೇಕು. ತುಂಬದಿದ್ದರೆ ಸಣ್ಣ ಪ್ರೆಷರ್ ಪಂಪ್ ಹಾಕಿಸಿ. ಅದಕ್ಕೆ ಮೊದಲು ಪೈಪಿನ ಬಾಯಲ್ಲಿರುವ ಸಣ್ಣ ಜಾಲರಿ ತೆಗೆದು ತೊಳೆಯಿರಿ, ಟ್ಯಾಂಕಿನ ಮಣ್ಣು ಅಲ್ಲೇ ಕೂರುವುದು.

ಕದ್ರಿ ಟೆರೇಸ್:

ಬಕೆಟ್ ಇಟ್ಟು ನೋಡಿದೆ. ನಿಮಿಷಕ್ಕೆ ಆರು ಲೀಟರೂ ಬರಲಿಲ್ಲ. ಜಾಲರಿಯಲ್ಲಿ ಕೆಂಪು ಮಣ್ಣು ಇತ್ತು, ತೊಳೆದ ಮೇಲೂ ಏಳು ದಾಟಲಿಲ್ಲ. 1,800 ಕೊಡುವ ಮೊದಲು ಇಲ್ಲಿ ಬಂದು ಕೇಳಿದ್ದರೆ ಚೆನ್ನಾಗಿತ್ತು. ಹೊಸ ವಾಲ್ವ್ ಹಾಕಿದಾಗ ಎರಡು ದಿನ ಓಡಿದ್ದು ಹೇಗೆ ಅಂತ ಯೋಚಿಸಿದೆ. ಆ ಎರಡು ದಿನ ಟ್ಯಾಂಕ್ ಕಂಠಮಟ್ಟ ತುಂಬಿತ್ತು.

ತೀರ್ಥಹಳ್ಳಿ ತೋಟ:

ಪಾರ್ಟ್ ತರಿಸುವ ಮುಂಚೆ ಇಲಿಯನ್ನೂ ನೆನಪಿಡಿ ಮಾರಾಯ್ರೆ. ನಮ್ಮಲ್ಲಿ ಎರಡು ಸಲ ಹೊರಗೆ ಹೋಗುವ ಪೈಪ್ ಕಡಿದಿದೆ. ಬೆಚ್ಚಗಿನ ಜಾಗ, ಅನ್ನದ ವಾಸನೆ, ಮಳೆಗಾಲ, ಅದಕ್ಕೆ ಇನ್ನೇನು ಬೇಕು? ಮಷೀನಿನ ಕೆಳಗೆ ನೀರು ಕಂಡರೆ ಮೊದಲು ಪೈಪ್ ಮೇಲೆ ಕೈಯಾಡಿಸಿ ಹಲ್ಲಿನ ಗುರುತು ಹುಡುಕಿ. ಪೈಪ್ ಬದಲಿಸಿದ ಮೇಲೆ ನಾನು ಹಿಂದುಗಡೆ, ಕೆಳಗಡೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಕಟ್ಟಿದೆ. ಎರಡು ಮಳೆಗಾಲ ಆಯಿತು, ತೊಂದರೆ ಇಲ್ಲ.

ಹೊಸ ಪೈಪ್ ಹಾಕುವಾಗ ಅದು ನೆಲದಿಂದ ನೇರ ಚರಂಡಿಗೆ ಹೋಗಬಾರದು. ಸಿಂಕಿನ ಕಲ್ಲಿನ ಹತ್ತಿರದವರೆಗೆ ಮೇಲೆ ಎತ್ತಿ ಬಗ್ಗಿಸಿ ಆಮೇಲೆ ಇಳಿಸಬೇಕು. ತಗ್ಗಿನಲ್ಲಿ ಬಿಟ್ಟರೆ ತೊಳೆಯುವ ನೀರೆಲ್ಲಾ ತಾನಾಗಿ ಎಳೆದುಕೊಂಡು ಹೊರಟುಹೋಗುತ್ತದೆ.

ಬನಶಂಕರಿ ಮನೆ:

ಪಕ್ಕದ ಮನೆಯವರ ಮಲ್ಟಿಮೀಟರ್ ತಂದೆ. 146 ತೋರಿಸಿತು. ಅಂದರೆ ಕಾಯಿಲ್ ಸರಿ, ಬುಷ್ ಹೋಗಿದೆ. ಒಂದು ನಂಬರು ನೋಡಿ ಇಷ್ಟು ಸಂತೋಷ ಆಗಿದ್ದು ಯಾವಾಗ ಅಂತ ನೆನಪಿಲ್ಲ.

ಈಗ ಪಂಪ್ ಎಲ್ಲಿ ಸಿಗುತ್ತದೆ? ಆನ್‌ಲೈನ್‌ನಲ್ಲಿ ನೋಡಲು ಒಂದೇ ಥರ ಇರುವ ಹತ್ತು ಪಂಪ್ ಇವೆ.

ಎಸ್‌ಪಿ ರೋಡ್ ಓಡಾಟ:

ನೋಡಿ ತಗೊಳ್ಳಬೇಡಿ, ನಂಬರ್ ಕೊಟ್ಟು ತಗೊಳ್ಳಿ. ಬಾಗಿಲು ತೆಗೆದರೆ ಅದರ ಅಂಚಿನಲ್ಲಿ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಮಾಡೆಲ್ ನಂಬರ್ ಪೂರ್ತಿ ಇದೆ. ಕೊನೆಯ ಸ್ಲ್ಯಾಶ್ ಆದ ಮೇಲಿನ ಎರಡು ಅಂಕಿಯನ್ನೂ ಬಿಡಬೇಡಿ. ಒಂದೇ ಮಾಡೆಲ್, ಬೇರೆ ವರ್ಷ, ಬೇರೆ ಪಂಪ್ ಆಗಿರುತ್ತದೆ. ಅದನ್ನು ಹಾಕಿ ಪಾರ್ಟ್ ನಂಬರ್ ಹುಡುಕಿ. ಆಮೇಲೆ ಹಳೇ ಪಂಪನ್ನು ಪಕ್ಕದಲ್ಲಿಟ್ಟು ಮೂರು ನೋಡಿ: ತಿರುಗಿಸಿ ಕೂರಿಸುವ ಕಿವಿಗಳು ಅದೇ ಜಾಗದಲ್ಲಿ ಇವೆಯಾ, ವೈರ್ ಸಿಕ್ಕಿಸುವ ಜಾಗ ಒಂದೇ ಥರ ಇದೆಯಾ, ರೆಕ್ಕೆಯ ಎತ್ತರ ಒಂದೇನಾ.

ಬೆಂಗಳೂರಿನ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೀಟರ್, ರಿಲೇ, ಟ್ರಯಾಕ್, ಕನೆಕ್ಟರ್ ಎಲ್ಲಾ ಸಿಗುತ್ತದೆ. ಪಂಪ್‌ಗೆ ಮಾತ್ರ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಫೋಟೋ ತೋರಿಸಿದರೆ "ಇದೇ ಸರ್" ಅನ್ನುತ್ತಾರೆ, ಮನೆಗೆ ಬಂದು ನೋಡಿದರೆ ಕೂರಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ:

ಇಲ್ಲಿ ಜರ್ಮನಿಯಲ್ಲಿ ಇದು ಸ್ವಲ್ಪ ಸುಲಭ ಆಗಿದೆ, ಅದನ್ನು ಹೇಳೋಣ ಅಂತ ಬಂದೆ. ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ಡಿಶ್‌ವಾಷರ್‌ಗೆ ಒಂದು ನಿಯಮ ಇದೆ. ಆ ಮಾಡೆಲ್‌ನ ಕೊನೆಯ ಮಷೀನು ಮಾರುಕಟ್ಟೆಗೆ ಬಂದ ಮೇಲೂ ಬಾಗಿಲಿನ ರಬ್ಬರ್, ಹಿಂಜ್, ನೀರು ಚಿಮ್ಮುವ ತೋಳು, ಜಾಲರಿ, ಬುಟ್ಟಿ ಇವನ್ನೆಲ್ಲ 10 ವರ್ಷ ಯಾರು ಕೇಳಿದರೂ ಮಾರಬೇಕು. ಪಂಪ್, ಮೋಟರ್, ಹೀಟರ್, ಬೋರ್ಡ್ ಇವು 7 ವರ್ಷ ಸಿಗಬೇಕು, ಆದರೆ ರಿಪೇರಿ ಕಸುಬಿನವರಿಗೆ. ಆರ್ಡರ್ ಮಾಡಿದ 15 ಕೆಲಸದ ದಿನದೊಳಗೆ ತಲುಪಿಸಬೇಕು.

ಪಂಪನ್ನು ಮನೆಯವರಿಗೆ ಕೊಡುವ ಹೊಣೆ ಆ ನಿಯಮದಲ್ಲಿ ಇಲ್ಲ ಅನ್ನುವುದು ನನಗೆ ಬೇಸರ. ಆದರೂ ಪಾರ್ಟ್ ಅಂತ ಒಂದು ತಯಾರಾಗುತ್ತಿದೆ ಅನ್ನುವುದೇ ದೊಡ್ಡ ಮಾತು.

ನಮ್ಮ ದೇಶದಲ್ಲೂ 2022ರ ಡಿಸೆಂಬರ್‌ನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಿದೆ. ಮೊಬೈಲ್, ಕೃಷಿ ಯಂತ್ರ, ವಾಹನಗಳ ಜೊತೆ ಮನೆಬಳಕೆಯ ಯಂತ್ರಗಳೂ ಅದರಲ್ಲಿ ಬರುತ್ತವೆ. ಬೆಂಗಳೂರಿನಲ್ಲಿ 2015ರಲ್ಲಿ ರಿಪೇರಿ ಕೆಫೆ ಶುರುವಾಯಿತು. ಕೆಟ್ಟ ಸಾಮಾನು ತಂದು, ಗೊತ್ತಿದ್ದವರ ಪಕ್ಕ ಕೂತು ನಾವೇ ಸರಿಮಾಡಿಕೊಳ್ಳುವ ಜಾಗ. ನಾನು ಅಲ್ಲಿದ್ದಾಗ ಒಂದು ಮಿಕ್ಸಿ ಹಿಡಿದುಕೊಂಡು ಹೋಗಿದ್ದೆ. ಆ ಮಿಕ್ಸಿ ಇವತ್ತಿಗೂ ಅಮ್ಮನ ಹತ್ತಿರ ಓಡುತ್ತಿದೆ.

ಬನಶಂಕರಿ ಮನೆ:

ಪಂಪ್ ಬಂತು. ಪಾರ್ಟ್ ನಂಬರ್ ಕೊಟ್ಟು ತರಿಸಿದ್ದು, 1,950 ರೂಪಾಯಿ. ಶನಿವಾರ ಮಧ್ಯಾಹ್ನ ಕೂತೆವು, ನಾನು ಮತ್ತು ಮಗಳು. ಏನು ಮಾಡಿದೆ ಅಂತ ಬರೆಯುತ್ತೇನೆ, ಬೇರೆಯವರಿಗೆ ಅನುಕೂಲ ಆಗಲಿ.

ಪ್ಲಗ್ ಕಿತ್ತು ಮಗಳ ಕೈಗೆ ಕೊಟ್ಟೆ. ನಲ್ಲಿ ಮುಚ್ಚಿ, ಎರಡೂ ಪೈಪ್ ಬಿಚ್ಚಿ, ಮಷೀನನ್ನು ಹಳೇ ಬೆಡ್‌ಶೀಟ್ ಮೇಲೆ ಎಳೆದುಕೊಂಡೆವು. ನಮ್ಮದರಲ್ಲಿ ಬಲಬದಿಯ ತಗಡು ತೆಗೆದರೆ ಪಂಪ್ ಕಾಣುತ್ತದೆ. ಸ್ಕ್ರೂಗಳು ನಕ್ಷತ್ರದ ತಲೆಯವು, ಟಿ-20 ಬಿಟ್ ಬೇಕು. ತಗಡಿನ ಅಂಚು ಬ್ಲೇಡಿನ ಹಾಗಿದೆ. ಕೈಗವಸು ಇಲ್ಲದಿದ್ದರೆ ಖಂಡಿತ ಕೈ ಕುಯ್ದುಕೊಳ್ಳುತ್ತಿತ್ತು.

ಮಷೀನನ್ನು ಎಡಕ್ಕೆ ಸ್ವಲ್ಪ ಓರೆ ಮಾಡಿ ಗೋಡೆಗೆ ಒರಗಿಸಿದೆವು. ಆಗ ನೀರಿನ ಗಡಸುತನ ತೆಗೆಯಲು ಒಳಗಿರುವ ಉಪ್ಪಿನ ಡಬ್ಬದಿಂದ ಉಪ್ಪುನೀರು ಚೆಲ್ಲಿತು. ಇದು ಗೊತ್ತಿರಲಿಲ್ಲ. ನೀವು ಮಾಡುವಾಗ ಕೆಳಗೆ ಬಟ್ಟೆ ಹಾಕಿಕೊಳ್ಳಿ, ತಗಡಿನ ಮೇಲೆ ಬಿದ್ದರೆ ತಕ್ಷಣ ಒರೆಸಿ.

ವೈರ್ ಬಿಚ್ಚುವ ಮೊದಲು ನಾಲ್ಕು ಫೋಟೋ ತೆಗೆದೆ. ಪಂಪನ್ನು ಹಿಡಿದಿರುವುದು ಒಂದೇ ಒಂದು ಕೊಕ್ಕೆ. ಅದನ್ನು ಒತ್ತಿ, ಪಂಪನ್ನು ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗಿಸಿದರೆ ಟಕ್ ಅಂತ ಕೈಗೆ ಬಂತು. ಹೊಸದನ್ನು ಅದೇ ರೀತಿ ಕೂರಿಸಿ ತಿರುಗಿಸಿದೆ, ಟಕ್. ಇಷ್ಟೇ. ಬಿಚ್ಚಿ ಹಾಕಲು ಹತ್ತು ನಿಮಿಷ, ತಗಡು ತೆಗೆದು ಹಾಕಲು ಒಂದು ಗಂಟೆ.

ಪಾತ್ರೆ ಹಾಕದೆ ಬರೀ ನೀರಿನಲ್ಲಿ ಓಡಿಸಿದೆವು. ನೀರು ಸುಯ್ ಅಂತ ಹೊರಗೆ ಹೋಯಿತು! ಅತ್ತೆ ಚಪ್ಪಾಳೆ ತಟ್ಟಿದರು.

ಆದರೆ ಇಪ್ಪತ್ತು ನಿಮಿಷ ಆದ ಮೇಲೆ ಎಲ್ಲಾ ನಿಂತು, ಪಂಪ್ ಮಾತ್ರ ಓಡುತ್ತಲೇ ಇದೆ. ನೀರಿಲ್ಲ, ಆದರೂ ಓಡುತ್ತಿದೆ. ಬಟನ್ ಒತ್ತಿ ಆಫ್ ಮಾಡಿದರೂ ನಿಲ್ಲುತ್ತಿಲ್ಲ. ಪ್ಲಗ್ ಕಿತ್ತಿದ್ದೇನೆ. ಏನು ತಪ್ಪು ಮಾಡಿದೆ?

ಎಸ್‌ಪಿ ರೋಡ್ ಓಡಾಟ:

ತಳದ ತಟ್ಟೆಯಲ್ಲಿ ನೀರು ನಿಂತಿದೆ. ಮಷೀನಿನ ಅಡಿಯಲ್ಲಿ ಒಂದು ತಟ್ಟೆ, ಅದರಲ್ಲಿ ಥರ್ಮೊಕೋಲಿನ ಬಿಲ್ಲೆ ಇರುತ್ತದೆ. ಸೋರಿದ ನೀರಿಗೆ ಅದು ತೇಲಿ ಮೇಲಿನ ಸ್ವಿಚ್ ಒತ್ತುತ್ತದೆ. ಆಗ ಮಷೀನು ಮನೆ ಮುಳುಗದಿರಲಿ ಅಂತ ನೀರು ಬರುವುದನ್ನು ನಿಲ್ಲಿಸಿ ಪಂಪನ್ನು ಓಡಿಸುತ್ತಲೇ ಇರುತ್ತದೆ. ಬಾಷ್, ಸೀಮೆನ್ಸ್‌ನಲ್ಲಿ ಇ-15, ಎಲ್‌ಜಿಯಲ್ಲಿ ಎಇ ಅಂತ ಬರುವುದು ಇದೇ. ನಿಮ್ಮ ಬೋರ್ಡ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಅನ್ನುವುದಕ್ಕೂ ಇದು ಸಾಕ್ಷಿ, ಅಲ್ವಾ?

ಹುಬ್ಬಳ್ಳಿ ವೈಂಡಿಂಗ್:

ಪಂಪ್ ಕೂರುವ ಜಾಗದಲ್ಲೇ ಸೋರಿರಬೇಕು. ಓ-ರಿಂಗ್, ಅಂದರೆ ನೀರು ಸೋರದಂತೆ ಹಾಕುವ ರಬ್ಬರ್ ಬಳೆ, ನೋಡ್ರಿ. ಹಳೇ ಪಂಪಿನ ಓ-ರಿಂಗ್ ಗುಂಡಿಯಲ್ಲೇ ಅಂಟಿಕೊಂಡು ಉಳಿದಿದೆಯಾ? ಇಲ್ಲಾ ಹೊಸದು ಮಡಚಿಕೊಂಡಿದೆಯಾ?

ಬನಶಂಕರಿ ಮನೆ:

ಸಿಕ್ಕಿತು. ಹಳೆಯದು ಉಳಿದಿರಲಿಲ್ಲ. ಆದರೆ ಪಂಪ್ ಕೂರುವ ತೋಡಿನಲ್ಲಿ ಬೂದು ಬಣ್ಣದ ಜಿಡ್ಡು ಕೂತಿತ್ತು, ಅದರೊಳಗೆ ಒಂದೇ ಒಂದು ಸಾಸಿವೆ ಕಾಳು. ಅದು ಇದ್ದ ಜಾಗದಲ್ಲಿ ಹೊಸ ಓ-ರಿಂಗ್ ಮೇಲೆ ಸಣ್ಣ ಗುಳಿ ಬಿದ್ದಿದೆ. ಅಷ್ಟರಿಂದ ಸೋರಿದೆ.

ಹಳೇ ಟೂತ್‌ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೋಡನ್ನು ಉಜ್ಜಿದೆ. ಬೆರಳಿಗೆ ಗಾಜಿನ ಹಾಗೆ ನುಣ್ಣಗೆ ಸಿಗುವವರೆಗೆ ಬಿಡಲಿಲ್ಲ. ಓ-ರಿಂಗ್‌ಗೆ ಅದೇ ಲಿಕ್ವಿಡ್ ಒಂದು ಹನಿ ಸವರಿ ಕೂರಿಸಿದೆ. ಈ ಸಲ ತಿರುಗಿಸುವಾಗ ಎಲ್ಲೂ ಅಡ್ಡ ಬರಲಿಲ್ಲ. ತಟ್ಟೆಯ ನೀರನ್ನು ಸ್ಪಂಜಿನಲ್ಲಿ ಹೀರಿ ತೆಗೆದೆ, ಮುಕ್ಕಾಲು ಲೋಟದಷ್ಟೇ ಇತ್ತು.

ತಗಡು ಹಾಕದೆ, ಪ್ಲಗ್ ಹಾಕುವ ಮುಂಚೆ ಒಳಗೆ ಎರಡು ಚೊಂಬು ನೀರು ಸುರಿದು, ಪಂಪಿನ ಕೆಳಗೆ ಒಣ ಟಿಶ್ಯೂ ಇಟ್ಟು ಅರ್ಧ ಗಂಟೆ ಕಾದೆ. ಟಿಶ್ಯೂ ಒಣಗಿಯೇ ಇತ್ತು. ಆಮೇಲೆ ತಗಡು ಹಾಕಿ ಓಡಿಸಿದೆ. ಪೂರ್ತಿ ಮುಗಿಯಿತು.

ಕುವೆಂಪುನಗರ:

ತುಂಬಾ ಖುಷಿಯಾಯಿತು. ಧೈರ್ಯ ಬಂದು ನನ್ನದನ್ನೂ ಕೇಳುತ್ತೇನೆ. ನಮ್ಮಲ್ಲಿ ಶುರುವಾಗಿ ಹತ್ತು ನಿಮಿಷಕ್ಕೆ ಮನೆಯ ಆರ್‌ಸಿಸಿಬಿ ಬೀಳುತ್ತದೆ. ತಣ್ಣೀರಿನ ಪ್ರೋಗ್ರಾಂ ಹಾಕಿದರೆ ಬೀಳುವುದಿಲ್ಲ. ಎಲೆಕ್ಟ್ರಿಷಿಯನ್ ಒಬ್ಬರು ಆರ್‌ಸಿಸಿಬಿ ತೆಗೆದು ನೇರ ಕೊಡೋಣ ಅಂದರು.

ಹುಬ್ಬಳ್ಳಿ ವೈಂಡಿಂಗ್:

ಅದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ! ಆರ್‌ಸಿಸಿಬಿ ಬೀಳುತ್ತಿರುವುದರಿಂದಲೇ ನಿಮಗೆ ಇನ್ನೂ ಶಾಕ್ ಹೊಡೆದಿಲ್ಲ.

ಬಿಸಿ ಮಾಡುವಾಗ ಮಾತ್ರ ಬೀಳುತ್ತದೆ ಅಂದರೆ ಹೀಟರ್ ಮೇಲೆ ಗುಮಾನಿ. ಪ್ಲಗ್ ಕಿತ್ತು, ಹೀಟರಿನ ಎರಡೂ ವೈರ್ ಬಿಚ್ಚಿ ಓಮ್ ನೋಡಿ. 2,000 ವಾಟಿನ ಹೀಟರ್ ಆದರೆ 26ರ ಆಸುಪಾಸು ಬರಬೇಕು. ಆಮೇಲೆ ಹೀಟರಿನ ಒಂದು ಪಿನ್, ಮಷೀನಿನ ತಗಡು, ಇವೆರಡರ ನಡುವೆ ನೋಡಿ. ಅಲ್ಲಿ ಏನೂ ತೋರಿಸಬಾರದು. ಏನಾದರೂ ನಂಬರ್ ಬಂದರೆ ಹೀಟರ್ ಸೀಳಿದೆ. ಮಲ್ಟಿಮೀಟರಿಗೆ ಸಿಗದ ಸಣ್ಣ ಕರೆಂಟ್ ಸೋರಿಕೆಯೂ ಇರುತ್ತದೆ, ಅದಕ್ಕೆ ಮೆಗ್ಗರ್, ಅಂದರೆ ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ನೋಡುವ ಮೀಟರ್, ಬೇಕು. ಮೋಟರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಅದು ಇದ್ದೇ ಇರುತ್ತದೆ. ಈಚಿನ ಮಷೀನುಗಳಲ್ಲಿ ಹೀಟರ್ ತೊಳೆಯುವ ಪಂಪಿನ ಜೊತೆಗೇ ಸೇರಿಕೊಂಡು ಒಂದೇ ಪಾರ್ಟ್ ಆಗಿ ಬರುತ್ತದೆ. ಆಗ ಖರ್ಚು ಜಾಸ್ತಿ, ಮೊದಲೇ ಹೇಳಿರುತ್ತೇನೆ.

ನಿಮ್ಮದು ಯಾವ ನೀರು? ಬೋರ್‌ವೆಲ್‌ದಾ?

ಕುವೆಂಪುನಗರ:

ಕಾವೇರಿ ನೀರು ಬಾರದ ದಿನ ಬೋರ್‌ವೆಲ್. ಈಚೆಗೆ ಬೋರ್‌ವೆಲ್ ನೀರೇ ಜಾಸ್ತಿ. ಉಪ್ಪು ಹಾಕುವುದನ್ನು ಒಂದು ವರ್ಷದಿಂದ ನಿಲ್ಲಿಸಿದ್ದೆವು, ತೊಳೆಯಲು ಹಾಕುವ ಸೋಪಿನ ಮಾತ್ರೆಯಲ್ಲೇ ಎಲ್ಲಾ ಇದೆ ಅಂತ ಡಬ್ಬದ ಮೇಲೆ ಬರೆದಿತ್ತು.

ವಿದ್ಯಾರಣ್ಯಪುರ:

ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲಿ ತುಂಬಾ ಜನ ಎಡವುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ (ನೀರಿನಲ್ಲಿ ಕರಗಿರುವ ಸುಣ್ಣದಂಥ ಅಂಶ) ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ನಮ್ಮ ಬೋರ್‌ವೆಲ್, ಟ್ಯಾಂಕರ್ ನೀರು ಎಷ್ಟೋ ಕಡೆ ಅದನ್ನೂ ದಾಟುತ್ತದೆ. ಯುರೋಪಿನ ಮಷೀನುಗಳ ಪುಸ್ತಕದಲ್ಲಿ ಜರ್ಮನ್ ಡಿಗ್ರಿ ಅಂತ ಬರೆದಿರುತ್ತಾರೆ. ಒಂದು ಡಿಗ್ರಿ ಅಂದರೆ 17.8 ಮಿಲಿಗ್ರಾಂ. ಹೆಚ್ಚಿನವು 50 ಡಿಗ್ರಿವರೆಗೆ ತಡೆಯುತ್ತವೆ, ಅಂದರೆ 890. ಅದು ಕೂಡ ಉಪ್ಪು ಹಾಕಿ, ಮಷೀನಿನ ಗಡಸುತನದ ಸೆಟ್ಟಿಂಗನ್ನು ಮೇಲಕ್ಕೆ ಇಟ್ಟಾಗ ಮಾತ್ರ.

ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ತೋರಿಸುವುದು) ಹಿಡಿದು ಅಳೆದರೆ ಗಡಸುತನ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಕಿಟ್ ಇದೆ, ಹನಿ ಹಾಕಿ ಬಣ್ಣ ನೋಡುವುದು. ಅಡುಗೆ ಉಪ್ಪು ಹಾಕಬೇಡಿ, ಗಂಟು ಕಟ್ಟದಿರಲಿ ಅಂತ ಅದಕ್ಕೆ ಬೆರೆಸಿದ ಪುಡಿ ಒಳಗೆ ಕಟ್ಟಿಕೊಳ್ಳುತ್ತದೆ. ಡಿಶ್‌ವಾಷರ್ ಉಪ್ಪನ್ನೇ ತನ್ನಿ. ಹೀಟರ್ ಮೇಲೆ ಸುಣ್ಣ ಕೂತರೆ ಅದರ ಬಿಸಿ ನೀರಿಗೆ ಇಳಿಯುವುದಿಲ್ಲ, ತನ್ನಲ್ಲೇ ಉಳಿದು ಸುಡುತ್ತದೆ.

ಕುವೆಂಪುನಗರ:

ಇವತ್ತು ನೋಡಿದೆ. ಹೀಟರ್ 27 ಓಮ್. ತಗಡಿನ ಜೊತೆ ನೋಡಿದರೆ ನಂಬರ್ ಬಂತು, 40 ಸಾವಿರ ಓಮ್ ಹತ್ತಿರ ಅಲುಗಾಡುತ್ತಿದೆ. ನಮ್ಮದರಲ್ಲಿ ಹೀಟರ್ ಬೇರೆಯಾಗಿಯೇ ಇದೆ. 2,400ಕ್ಕೆ ಆರ್ಡರ್ ಮಾಡಿದೆ. ಉಪ್ಪಿನ ಚೀಲವೂ ಬರುತ್ತಿದೆ.

ಹುಬ್ಬಳ್ಳಿ ವೈಂಡಿಂಗ್:

ಸರಿ ಹಿಡಿದಿರಿ. ಹಾಕಿದ ಮೇಲೆ ಹೀಟರ್ ಪಿನ್‌ಗೆ ವೈರ್ ಬಿಗಿಯಾಗಿ ಕೂತಿದೆಯಾ ಅಂತ ಎಳೆದು ನೋಡಿ. ಸಡಿಲ ಇದ್ದರೆ ಅಲ್ಲೇ ಕರಕಲಾಗುತ್ತದೆ.

ತಂಗಿ ಬನಶಂಕರಿ, ಹಳೇ ಪಂಪನ್ನು ಗುಜರಿಗೆ ಹಾಕಿದಿರಾ?

ಬನಶಂಕರಿ ಮನೆ:

ಇಲ್ಲ ಸರ್, ಇಟ್ಟುಕೊಂಡಿದ್ದೇನೆ. ಮಗಳು ಬಿಚ್ಚಿ ನೋಡಬೇಕು ಅಂತ ಹಟ ಮಾಡಿದಳು. ಅಯಸ್ಕಾಂತದ ನಡುವಿನ ಕಡ್ಡಿ ಒಂದು ಬದಿಗೆ ಸವೆದು ಸೂಜಿಯ ಹಾಗೆ ತೆಳ್ಳಗಾಗಿದೆ. ಅದು ಕೂರುವ ತೂತು ಗುಂಡಗಿರಬೇಕಿತ್ತು, ಮೊಟ್ಟೆಯಾಕಾರ ಆಗಿದೆ. ಅವಳು ಅದನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿ 146 ಓಮ್ ಅಂತ ಬರೆದು ಫ್ರಿಜ್‌ಗೆ ಅಂಟಿಸಿದ್ದಾಳೆ.

ಮೂರು ವಾರ ಆಯಿತು, ದಿನಾ ಓಡುತ್ತಿದೆ. ತಳ ಒಣಗಿಯೇ ಇದೆ. ಒಟ್ಟು ಖರ್ಚು 1,950, ಟಿ-20 ಬಿಟ್‌ಗೆ 90. ಈಗ ಹೊಸ ಸ್ಟೀಲ್ ಪಾತ್ರೆ ಮನೆಗೆ ಬಂದರೆ ಅತ್ತೆ ಮೊದಲು ಸ್ಟಿಕ್ಕರ್ ಮೇಲೆ ಎಣ್ಣೆ ಸವರಿ, ಬಿಸಿ ನೀರಿನಲ್ಲಿ ನೆನೆಸಿ, ಉಗುರಿನಿಂದ ಪೂರ್ತಿ ಕಿತ್ತು ನನಗೆ ತೋರಿಸಿಯೇ ಒಳಗೆ ಇಡುತ್ತಾರೆ.

ಕದ್ರಿ ಟೆರೇಸ್:

ಪ್ರೆಷರ್ ಪಂಪ್ ಹಾಕಿಸಿದೆ. ಅದೇ ಬಕೆಟ್, ಅದೇ ನಲ್ಲಿ. ಹತ್ತು ಲೀಟರ್ ತುಂಬಲು 38 ಸೆಕೆಂಡ್. ನಲ್ಲಿ ಚಿಹ್ನೆ ಮತ್ತೆ ಬಂದಿಲ್ಲ. ಹಳೇ ವಾಲ್ವಿನ ಕಾಯಿಲ್ ಈಗ ಅಳೆದು ನೋಡಿದೆ, 3,800 ಓಮ್ ಬಂತು. ಇದು ಸರಿಯಾಗಿಯೇ ಇದೆಯಾ ಸರ್?

ಹುಬ್ಬಳ್ಳಿ ವೈಂಡಿಂಗ್:

ಸರಿಯಾಗಿಯೇ ಇದೆ. ಒಣ ಬಟ್ಟೆಯಲ್ಲಿ ಸುತ್ತಿ, ಮೇಲೆ ಮಾಡೆಲ್ ನಂಬರ್ ಬರೆದು ಇಟ್ಟುಕೊಳ್ಳಿ. ಯಾರಿಗಾದರೂ ಬೇಕಾದರೆ ಇಲ್ಲೇ ಕೇಳುತ್ತಾರೆ.